ಪ್ಯಾಪ್ ರಿಪೋರ್ಟ್ ಗಡಿ ಮೇಲೆ ನಿಂತಾಗ: ಮುಂದಿನ ಟೆಸ್ಟ್‌ಗಳಿಗೆ ಮಲೆನಾಡಿನ ಹೆಣ್ಣುಮಕ್ಕಳಿಗೊಂದು ದಾರಿ

ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಮಾಡಿಸಿದ್ದ ಪ್ಯಾಪ್ ಟೆಸ್ಟಿನ ರಿಪೋರ್ಟ್ ನನ್ನ ಕೈಗೆ ಬಂದಿದ್ದು ಪುನರ್ವಸು ಮಳೆ ಹೊಡೆಯುತ್ತಿದ್ದ ವಾರ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ವಾಟ್ಸಾಪ್ ತೆರೆದೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಕ್ಯಾನ್ಸರ್ ಅಂತ ಇರಲಿಲ್ಲ, ನಾರ್ಮಲ್ ಅಂತಲೂ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, “ಅಷ್ಟೇನಿಲ್ಲಮ್ಮ, ಒಂದು ವರ್ಷ ಬಿಟ್ಟು ಬನ್ನಿ” ಅಂದರು. ಮೂರು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕನೇ ವಾರಕ್ಕೆ ಪೂರ್ತಿ ಮರೆತೇಬಿಟ್ಟೆ. 12 ತಿಂಗಳಿಗೆ ಹೋಗಬೇಕಾದವಳು ಹೋಗಿದ್ದು 20 ತಿಂಗಳಿಗೆ.

ಗಡಿ ಮೇಲಿನ ರಿಪೋರ್ಟ್‌ಗಳ ಗುಣವೇ ಇದು. ಮೊದಲು ಅಗತ್ಯಕ್ಕಿಂತ ಜಾಸ್ತಿ ಹೆದರಿಸುತ್ತವೆ, ಆಮೇಲೆ ಸದ್ದಿಲ್ಲದೆ ಕಪಾಟು ಸೇರುತ್ತವೆ. ಎರಡರಲ್ಲಿ ನನಗೆ ಹೆಚ್ಚು ಭಯ ಕಪಾಟಿನದ್ದೇ. ಹಾಗಾಗಿ ರಿಪೋರ್ಟ್ ಕೈಗೆ ಬಂದ ದಿನದಿಂದ ಏನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲು ಹಾಳೆ ಕೈಗೆ ತಗೊಳ್ಳಿ

ಫೋನಿನಲ್ಲಿ ಕೇಳಿದ ಮಾತು ಸಾಲದು. ರಿಪೋರ್ಟಿನ ಪ್ರಿಂಟ್ ತೆಗೆಸಿ. ಯಾಕೆಂದರೆ “ಸ್ವಲ್ಪ ವ್ಯತ್ಯಾಸ ಇದೆ” ಅನ್ನುವ ಒಂದೇ ಮಾತಿನ ಒಳಗೆ ಮೂರ್ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಒಂದೊಂದರ ದಾರಿಯೂ ಬೇರೆ.

ಗರ್ಭಕೋಶದ ಬಾಯಿಯಿಂದ ತೆಗೆದ ಜೀವಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆಯುವ ಈ ರಿಪೋರ್ಟ್‌ಗೆ ಬೆಥೆಸ್ಡಾ ಪದ್ಧತಿ ಅಂತ ಒಂದು ಕ್ರಮ ಇದೆ. ಅದರಲ್ಲಿ ಎನ್‌ಐಎಲ್‌ಎಂ ಅಂತಿದ್ದರೆ ಕೆಟ್ಟ ಬದಲಾವಣೆ ಕಾಣಲಿಲ್ಲ ಅಂತ. ಎಎಸ್‌ಸಿ-ಯುಎಸ್ ಅಂತಿದ್ದರೆ, ಕೆಲವು ಕೋಶಗಳು ಮಾಮೂಲಿನ ಹಾಗಿಲ್ಲ, ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ ಅಂತ. ಡಾಕ್ಟರುಗಳ ಬಾಯಲ್ಲಿ ಇದು ‘ಆಸ್ಕಸ್’. ವ್ಯತ್ಯಾಸ ಇರುವ ರಿಪೋರ್ಟ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ಇದೇ. ನನ್ನದೂ ಇದೇ ಆಗಿತ್ತು. ಎಲ್‌ಎಸ್‌ಐಎಲ್ ಅಂದರೆ ಸಣ್ಣ ಮಟ್ಟದ ಬದಲಾವಣೆ, ಹೆಚ್ಚಿನ ಸಲ ಎಚ್‌ಪಿವಿ ವೈರಸ್ ಬಂದು ಕೂತಿದೆ ಅನ್ನುವುದರ ಗುರುತು.

ಇಲ್ಲಿಯವರೆಗೆ ಗಡಿ. ಎಎಸ್‌ಸಿ-ಎಚ್, ಎಚ್‌ಎಸ್‌ಐಎಲ್ ಅಥವಾ ಎಜಿಸಿ ಅಂತ ಇದ್ದರೆ ಅದು ಗಡಿಯಲ್ಲ. ಅದಕ್ಕೆ ವರ್ಷ ಕಾಯುವ ಮಾತೇ ಇಲ್ಲ, ನೇರ ಕಾಲ್ಪೋಸ್ಕೋಪಿ, ಅಂದರೆ ಗರ್ಭಕೋಶದ ಬಾಯಿಯನ್ನು ಯಂತ್ರದಲ್ಲಿ ದೊಡ್ಡದಾಗಿ ನೋಡುವ ಪರೀಕ್ಷೆ. ಎಎಸ್‌ಸಿ ಆದಮೇಲೆ ಬರುವ ಅಕ್ಷರ ಯುಎಸ್‌ ಆಗಿದೆಯೋ ಎಚ್‌ ಆಗಿದೆಯೋ ಅಂತ ಎರಡು ಸಲ ನೋಡಿ. ಒಂದು ಅಕ್ಷರಕ್ಕೆ ಇಡೀ ಕಥೆ ಬದಲಾಗುತ್ತದೆ.

ಸ್ಯಾಂಪಲ್ ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಅಂತ ಬಂದಿದ್ದರೆ ಅದು ನಿಮ್ಮ ದೇಹದ ದೋಷವಲ್ಲ. ಕೋಶ ಸಾಲಲಿಲ್ಲ, ಇಲ್ಲವೇ ರಕ್ತ, ಕೀವು ಮುಚ್ಚಿಕೊಂಡಿತ್ತು ಅಷ್ಟೇ. 2ರಿಂದ 4 ತಿಂಗಳೊಳಗೆ ಮತ್ತೆ ಕೊಡಬೇಕು.

ಪ್ಯಾಪ್ ಅಲ್ಲ, ಪಿಎಚ್‌ಸಿಯಲ್ಲಿ ನೋಡಿದ್ದು ಅನ್ನುವವರಿಗೆ

ನಮ್ಮ ಕಡೆ ಬಹಳ ಮಂದಿಗೆ ಆಗುವುದು ಪ್ಯಾಪ್ ಅಲ್ಲ, ವಿಐಎ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ ಮಾಡಬೇಕಾದ ತಪಾಸಣೆ ಅದು. ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆಯುವುದು ಇದಕ್ಕೇ. ವಿನೆಗರ್‌ನಂಥ ದ್ರಾವಣವನ್ನು ಗರ್ಭಕೋಶದ ಬಾಯಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಬದಲಾದ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ.

ವಿಐಎ ಪಾಸಿಟಿವ್ ಅಂದರೂ ಕ್ಯಾನ್ಸರ್ ಅಂತಲ್ಲ. ಉರಿಯೂತ, ಸೋಂಕು ಇದ್ದರೂ ಬೆಳ್ಳಗಾಗುತ್ತದೆ. ಆದರೆ ಅದು ಬರಿಗಣ್ಣಿಗೆ ಕಂಡ ಸುಳಿವು. ಆದ್ದರಿಂದ ಅವರು ಕೊಡುವ ರೆಫರಲ್ ಚೀಟಿಯನ್ನು ಕಳೆಯಬೇಡಿ. ಅದನ್ನು ಹಿಡಿದು ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಹೋಗಿ. ಮುಟ್ಟು ನಿಂತವರಿಗೆ ಒಂದು ಮಾತು: ವಯಸ್ಸಾದ ಮೇಲೆ ನೋಡಬೇಕಾದ ಜಾಗ ಒಳಕ್ಕೆ ಸರಿದಿರುತ್ತದೆ, ವಿಐಎಯಲ್ಲಿ ಸರಿಯಾಗಿ ಕಾಣುವುದಿಲ್ಲ. ಪ್ಯಾಪ್ ಅಥವಾ ಎಚ್‌ಪಿವಿ ಟೆಸ್ಟ್ ಆಗುತ್ತದಾ ಅಂತ ಕೇಳಿ.

ಮುಂದಿನ ಪ್ರಶ್ನೆ: ವೈರಸ್ ಇದೆಯಾ ಇಲ್ವಾ?

ಆಸ್ಕಸ್ ಬಂದಾಗ ಡಾಕ್ಟರ್ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ “ಕ್ಯಾನ್ಸರಾ?” ಅಲ್ಲ. “ಎಚ್‌ಪಿವಿ ಟೆಸ್ಟ್ ಮಾಡಿಸಬಹುದಾ?” ಅನ್ನುವುದು. ನಾನು ಇದನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಹುತೇಕ ಎಲ್ಲವೂ ಈ ವೈರಸ್ಸಿನಿಂದಲೇ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ಸಿನ ಬಗೆಗಳು ನೂರಕ್ಕೂ ಹೆಚ್ಚು. ಅದರಲ್ಲಿ 16 ಮತ್ತು 18 ಅನ್ನುವ ಎರಡೇ ಬಗೆ ಈ ಕ್ಯಾನ್ಸರಿನ ಶೇಕಡ ಸುಮಾರು 70 ಭಾಗಕ್ಕೆ ಕಾರಣ. ಹಾಗಂತ ವೈರಸ್ ಬಂದವರಿಗೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಗೆ ಹಾಕುತ್ತದೆ. ಹೋಗದೆ ಕೂತವರಲ್ಲೂ ಕ್ಯಾನ್ಸರ್ ಮಟ್ಟಕ್ಕೆ ಹೋಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ‘ಒಂದು ವರ್ಷ ಬಿಟ್ಟು ಬನ್ನಿ’ ಅಂತ ಡಾಕ್ಟರ್ ಧೈರ್ಯವಾಗಿ ಹೇಳುವುದು ಈ ಲೆಕ್ಕದ ಮೇಲೆ.

ಆಸ್ಕಸ್ ಜೊತೆ ಎಚ್‌ಪಿವಿ ನೆಗೆಟಿವ್ ಬಂದರೆ ನೆಮ್ಮದಿಯಾಗಿರಿ. ಅಮೆರಿಕದ 2019ರ ಮಾರ್ಗಸೂಚಿ ಪ್ರಕಾರ ಮುಂದಿನ ತಪಾಸಣೆ 3 ವರ್ಷಕ್ಕೆ. ಸಾಗರದ ಕಡೆಯವರಿಗೆ ಇದನ್ನು ನೆನಪಿಡುವುದು ಸುಲಭ: ಸಾಗರದ ಮಾರಿಕಾಂಬಾ ಜಾತ್ರೆಯೂ 3 ವರ್ಷಕ್ಕೊಮ್ಮೆ ಅಲ್ವಾ? ಜಾತ್ರೆಯಿಂದ ಜಾತ್ರೆಗೆ ಅಂತ ಇಟ್ಟುಕೊಳ್ಳಿ.

ಎಚ್‌ಪಿವಿ ಪಾಸಿಟಿವ್ ಬಂದರೆ 25 ದಾಟಿದವರಿಗೆ ಸಾಮಾನ್ಯವಾಗಿ ಕಾಲ್ಪೋಸ್ಕೋಪಿ. ಅದೇ ಮಾರ್ಗಸೂಚಿಯಲ್ಲಿ, ಗಂಭೀರ ಬದಲಾವಣೆ ಇರುವ ಸಾಧ್ಯತೆ 100ಕ್ಕೆ 4 ಮುಟ್ಟಿದರೆ ಸಾಕು, ಕಾಲ್ಪೋಸ್ಕೋಪಿಗೆ ಕಳಿಸುತ್ತಾರೆ. ತಿರುಗಿಸಿ ಓದಿ: 100ರಲ್ಲಿ 96 ಮಂದಿಗೆ ಅಂಥದ್ದು ಇರದಿದ್ದರೂ ಕಳಿಸುತ್ತಾರೆ. ಕಾಲ್ಪೋಸ್ಕೋಪಿಗೆ ಬರೆದುಕೊಟ್ಟ ಕೂಡಲೇ ಕಣ್ಣೀರು ಹಾಕಬೇಕಾಗಿಲ್ಲ.

ಇನ್ನು ಎಚ್‌ಪಿವಿ ಟೆಸ್ಟ್ ಮಾಡಿಸಲು ಆಗದಿದ್ದರೆ, ಆಸ್ಕಸ್‌ಗೆ ಒಂದು ವರ್ಷಕ್ಕೆ ಮತ್ತೆ ಪ್ಯಾಪ್ ಮಾಡಿಸುವುದೂ ಒಪ್ಪಿತ ದಾರಿಯೇ. ಎಲ್‌ಎಸ್‌ಐಎಲ್ ಆದರೆ 25 ದಾಟಿದವರಿಗೆ ಕಾಲ್ಪೋಸ್ಕೋಪಿ, ಎಚ್‌ಪಿವಿ ನೆಗೆಟಿವ್ ಇದ್ದರೆ ಮಾತ್ರ ವರ್ಷ ಬಿಟ್ಟು ಮತ್ತೆ ನೋಡುವುದು. 25ರ ಒಳಗಿನ ಹುಡುಗಿಯರಲ್ಲಿ ವೈರಸ್ ಬಂದು ಹೋಗುವುದು ತೀರಾ ಮಾಮೂಲು. ಅವರಿಗೆ ಆಸ್ಕಸ್, ಎಲ್‌ಎಸ್‌ಐಎಲ್ ಎರಡಕ್ಕೂ ಒಂದು ವರ್ಷ ಕಾದು ಪ್ಯಾಪ್ ಮಾಡಿದರೆ ಸಾಕು. ಎಚ್‌ಐವಿ ಇರುವವರು, ಕಿಡ್ನಿ ಬದಲಾಯಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುವವರು ಈ ಲೆಕ್ಕಗಳನ್ನು ತಮಗೆ ಹಚ್ಚಿಕೊಳ್ಳಬೇಡಿ. ಅವರಲ್ಲಿ ಬದಲಾವಣೆ ಬೇಗ ಮುಂದೆ ಹೋಗುತ್ತದೆ, ಡಾಕ್ಟರಿಗೆ ಮೊದಲೇ ಹೇಳಿ.

ಸ್ಯಾಂಪಲ್ ಕೊಡುವಾಗಲೇ ಕೇಳಿಕೊಳ್ಳಬೇಕಾದ ಒಂದು ಸಣ್ಣ ವಿಷಯ. ಕೋಶಗಳನ್ನು ಗಾಜಿನ ಸ್ಲೈಡಿಗೆ ಸವರುತ್ತಾರಾ, ದ್ರವ ಇರುವ ಪುಟ್ಟ ಬಾಟಲಿಗೆ ಹಾಕುತ್ತಾರಾ? ಬಾಟಲಿಯಾದರೆ ಅದೇ ಸ್ಯಾಂಪಲ್‌ನಲ್ಲಿ ಎಚ್‌ಪಿವಿ ಟೆಸ್ಟನ್ನೂ ಮಾಡಬಹುದು, ಇನ್ನೊಂದು ಸಲ ಹೋಗುವ ಕೆಲಸ ಇಲ್ಲ. ಸ್ಲೈಡಾದರೆ ಮತ್ತೆ ಹೋಗಿ ಕೊಡಬೇಕು. ಹೊಸನಗರದ ಒಳಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಬರುವವರಿಗೆ ಒಂದು ಓಡಾಟ ಉಳಿಯುವುದು ಸಣ್ಣ ಮಾತಲ್ಲ.

ಕೇಳಿಸಿಕೊಂಡವರು ತಪ್ಪು ತಿಳಿಯದಿರಲಿ

ಎಚ್‌ಪಿವಿ ಬೇರೆ, ಎಚ್‌ಐವಿ ಬೇರೆ. ಇದನ್ನು ಬರೆಯಬೇಕಾ ಅನ್ನಿಸಬಹುದು. ಆದರೆ ನಾನು ನಮ್ಮ ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದು, ನೆಟ್‌ವರ್ಕ್ ಕಡಿದು ಕಡಿದು, ಸಂಜೆಯೊಳಗೆ ತವರಿನಲ್ಲಿ ಎಚ್‌ಐವಿ ಆಗಿ ಕೂತಿತ್ತು. ಇಂಥ ವಿಷಯವನ್ನು ಫೋನಿನಲ್ಲಿ ಹೇಳಬೇಡಿ, ಎದುರು ಕೂತು ಹೇಳಿ.

ಇನ್ನೊಂದು, ಗಂಡ ಹೆಂಡತಿ ನಡುವೆ ಏಳುವ ಅನುಮಾನ. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಬರುವುದು ನಿಜ. ಆದರೆ ಎಷ್ಟೋ ವರ್ಷ ಸುಮ್ನೆ ಒಳಗಿದ್ದು ಆಮೇಲೆ ಟೆಸ್ಟಿನಲ್ಲಿ ಕಾಣಿಸಿಕೊಳ್ಳಬಹುದು. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳುವುದಿಲ್ಲ. 45ರಲ್ಲಿ ಪಾಸಿಟಿವ್ ಬಂದರೆ ಯಾರೋ ಈಗ ದಾರಿ ತಪ್ಪಿದರು ಅಂತ ಅರ್ಥವಲ್ಲ. ಡಾಕ್ಟರ್ ಹತ್ತಿರ ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಕೇಳಲಿ. ನನ್ನ ಅನುಭವದಲ್ಲಿ ಅದು ಹತ್ತು ಜಗಳ ಉಳಿಸುತ್ತದೆ.

ತಾರೀಖನ್ನು ಮಲೆನಾಡಿನ ಲೆಕ್ಕದಲ್ಲಿ ಹಾಕಿ

ನಾನು ತಪ್ಪಿದ್ದು ಇಲ್ಲೇ. ಜುಲೈಯಲ್ಲಿ ಬಂದ ರಿಪೋರ್ಟ್‌ಗೆ ‘ಒಂದು ವರ್ಷ’ ಅಂದರೆ ಮತ್ತೆ ಜುಲೈ. ಜುಲೈಯಲ್ಲಿ ನಮ್ಮಲ್ಲಿ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ, ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿ. ಮಳೆ ನಿಂತ ಮೇಲೆ ಹೋಗೋಣ ಅಂದುಕೊಂಡೆ. ಮಳೆ ನಿಂತಿತು, ದೀಪಾವಳಿ ಬಂತು, ಅಡಿಕೆ ಕೊಯ್ಲು ಶುರುವಾಯ್ತು. ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅಂಗಳ ಖಾಲಿಯಾಗುವ ಹೊತ್ತಿಗೆ ಮಾರ್ಚ್.

ಹಾಗಾಗಿ ಡಾಕ್ಟರ್ ‘6 ತಿಂಗಳು’, ‘ಒಂದು ವರ್ಷ’ ಅಂದಾಗ ಅಲ್ಲೇ ಕೂತು ತಿಂಗಳು ಎಣಿಸಿ. ಮಳೆಗಾಲದ ನಡುವೆಯೋ ಕೊಯ್ಲಿನ ನಡುವೆಯೋ ಬಿದ್ದರೆ, “ಒಂದು ತಿಂಗಳು ಮೊದಲೇ ಬರಬಹುದಾ?” ಅಂತ ಕೇಳಿ. ಮುಂದಕ್ಕೆ ಹಾಕುವುದಕ್ಕಿಂತ ಹಿಂದಕ್ಕೆ ಎಳೆಯುವುದು ಒಳ್ಳೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮುಂದಿನ ವರ್ಷದ ಕ್ಯಾಲೆಂಡರ್ ಬಂದ ದಿನ ಅದರಲ್ಲೂ ಬರೆಯಿರಿ, ಇದನ್ನೇ ಎಲ್ಲರೂ ಮರೆಯುವುದು. ಮನೆಯಲ್ಲಿ ಇನ್ನೊಬ್ಬರಿಗಾದರೂ ತಾರೀಖು ಗೊತ್ತಿರಲಿ. ನಿಮ್ಮೂರಿನ ಆಶಾ ಅಕ್ಕನಿಗೆ ಹೇಳಿಟ್ಟರೆ ಇನ್ನೂ ಒಳ್ಳೆಯದು.

ತಾರೀಖು ಎಷ್ಟೇ ದೂರ ಇರಲಿ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣಿಸಿಕೊಂಡರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಕಂಡರೆ, ರಕ್ತ ಬೆರೆತ ವಾಸನೆಯ ಬಿಳಿ ಸೆರಗು ಹೋದರೆ ಕಾಯಬೇಡಿ. ಮಳೆಯಿದ್ದರೂ ಹೊರಡಿ.

ಮತ್ತೆ ಸ್ಯಾಂಪಲ್ ಕೊಡುವ ದಿನ

ಮುಟ್ಟಿನ ದಿನಗಳಲ್ಲಿ ಬೇಡ. ಮುಟ್ಟು ಶುರುವಾದ ದಿನದಿಂದ 10–20 ದಿನದ ನಡುವೆ ಒಳ್ಳೆಯ ಸಮಯ. ಅದಕ್ಕೆ ಎರಡು ದಿನ ಮೊದಲಿಂದ ಗಂಡ ಹೆಂಡತಿ ಸೇರುವುದು ಬೇಡ, ಒಳಗೆ ಇಡುವ ಮಾತ್ರೆ, ಕ್ರೀಮು ಬೇಡ, ಒಳಗೆ ನೀರು ಹಾಕಿ ತೊಳೆಯುವುದೂ ಬೇಡ. ಚೊಕ್ಕವಾಗಿ ಹೋಗಬೇಕು ಅಂತ ತೊಳೆದುಕೊಂಡು ಹೋದರೆ ನೋಡಬೇಕಾದ ಕೋಶಗಳೇ ತೊಳೆದುಹೋಗಿರುತ್ತವೆ. ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಹೋಗಿ.

ಮುಟ್ಟು ನಿಂತವರಲ್ಲಿ ಒಳಗಿನ ಪದರ ತೆಳುವಾಗಿ, ಒಣಗಿ, ಅದೇ ಆಸ್ಕಸ್ ತರಹ ಕಾಣುವುದುಂಟು. ಕೆಲವು ಡಾಕ್ಟರುಗಳು ಸ್ವಲ್ಪ ದಿನ ಈಸ್ಟ್ರೋಜನ್ ಕ್ರೀಮ್ ಕೊಟ್ಟು ಮತ್ತೆ ನೋಡುತ್ತಾರೆ. ಸೋಂಕು ಇದ್ದರೆ ಮೊದಲು ಅದಕ್ಕೆ ಔಷಧಿ ಕೊಡುತ್ತಾರೆ. ಸೋಂಕು ವಾಸಿಯಾಯಿತು, ಬಿಳಿ ಸೆರಗು ನಿಂತಿತು ಅಂತ ಮುಂದಿನ ಟೆಸ್ಟ್ ಬಿಡಬೇಡಿ, ಎರಡೂ ಬೇರೆ ಬೇರೆ ವಿಷಯ.

ಕಾಲ್ಪೋಸ್ಕೋಪಿ ಅಂದರೆ ಏನು, ಎಷ್ಟು ನೋವು

ಹೆಸರು ಕೇಳಿದರೆ ಒಳಗೆ ಪೈಪು ಹಾಕುತ್ತಾರೇನೋ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡು ಬೆವರಿದ್ದೆ. ಆ ಯಂತ್ರ ಒಳಗೆ ಬರುವುದೇ ಇಲ್ಲ. ಅದು ದೂರದಲ್ಲಿ ನಿಂತು ದೊಡ್ಡದಾಗಿ ತೋರಿಸುವ ದುರ್ಬೀನಿನ ಹಾಗೆ.

ಪ್ಯಾಪ್‌ಗೆ ಮಲಗಿದಂತೆಯೇ ಮಲಗಬೇಕು. ಒಳಗಿನ ಜಾಗ ಕಾಣುವಂತೆ ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಹಾಕುತ್ತಾರೆ, ಅದರ ತಣ್ಣಗಿನ ಒತ್ತಡ ಸ್ವಲ್ಪ ಕಿರಿಕಿರಿ. ಆಮೇಲೆ ವಿನೆಗರ್ ದ್ರಾವಣ, ತುಸು ಚುರುಗುಟ್ಟುತ್ತದೆ. ಆಮೇಲೆ ಅಯೋಡಿನ್. ಚೆನ್ನಾಗಿರುವ ಜಾಗ ಕಂದು ಬಣ್ಣ ಹಿಡಿಯುತ್ತದೆ, ಬದಲಾದ ಜಾಗ ಹಿಡಿಯುವುದಿಲ್ಲ. ಎಲ್ಲ ಸೇರಿ 10–20 ನಿಮಿಷ. ಡಾಕ್ಟರಿಗೆ ಅನುಮಾನ ಬಂದ ಕಡೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆಯುತ್ತಾರೆ, ಅದೇ ಬಯಾಪ್ಸಿ. ನನಗೆ ಎರಡು ಕಡೆ ತೆಗೆದರು. ಮುಟ್ಟಿನ ಹೊಟ್ಟೆನೋವು ಒಮ್ಮೆ ಹಿಂಡಿ ಬಿಟ್ಟ ಹಾಗಾಯಿತು, ಎರಡು ಸಲ. ಕೆಲವರಿಗೆ ಇನ್ನೂ ಜಾಸ್ತಿ ಆಗಬಹುದು. ಹೋಗುವ ಮೊದಲು ನೋವಿನ ಮಾತ್ರೆ ತಗೊಳ್ಳಬಹುದಾ ಅಂತ ಕೇಳಿಕೊಳ್ಳಿ. “ಮೆಲ್ಲಗೆ ಮಾಡಿ”, “ಒಂದು ನಿಮಿಷ ನಿಲ್ಲಿಸಿ” ಅನ್ನುವುದು ನಿಮ್ಮ ಹಕ್ಕು. ನಾಚಿಕೆಯಿಂದ ಹಲ್ಲು ಕಚ್ಚಿ ಮಲಗಬೇಡಿ.

ಪ್ಯಾಡ್ ಮತ್ತು ಹಳೆಯ ಒಳಉಡುಪು ಜೊತೆಗಿರಲಿ. ಅಯೋಡಿನ್ ಕಲೆ ಹೋಗುವುದಿಲ್ಲ. ರಕ್ತ ನಿಲ್ಲಲು ಹಚ್ಚುವ ಔಷಧಿಯಿಂದ ಒಂದೆರಡು ದಿನ ಕಾಫಿ ಚರಟದಂಥ ಕಪ್ಪು ಕಸ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಬಚ್ಚಲಲ್ಲಿ ನೋಡಿ ಎದೆ ಧಸಕ್ ಅಂದಿತ್ತು. ಪ್ಯಾಡ್ ಗಂಟೆಗೊಂದು ತೋಯುವಷ್ಟು ರಕ್ತ ಹೋದರೆ, ಜ್ವರ ಬಂದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಿ.

ಗರ್ಭಿಣಿಯರಿಗೂ ಕಾಲ್ಪೋಸ್ಕೋಪಿ ಮಾಡಬಹುದು. ಚಿಕಿತ್ಸೆಯನ್ನು ಮಾತ್ರ, ಕ್ಯಾನ್ಸರ್ ಅನುಮಾನ ಇಲ್ಲದಿದ್ದರೆ, ಹೆರಿಗೆಯ ನಂತರಕ್ಕೆ ಇಡುತ್ತಾರೆ. ತಿಂಗಳು ತಪ್ಪಿದ್ದರೆ ಮೊದಲೇ ಹೇಳಿ.

ಶಿವಮೊಗ್ಗಕ್ಕೆ ಹೊರಡುವ ಮೊದಲು ಕಾಲ್ಪೋಸ್ಕೋಪಿ ಯಾವ ವಾರ, ಎಷ್ಟು ಗಂಟೆಗೆ ಅಂತ ಫೋನ್ ಮಾಡಿ ಕೇಳಿ. ಮೆಗ್ಗಾನ್ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್‌ನ ಆಸ್ಪತ್ರೆ, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಒಪಿಡಿಯಲ್ಲಿ ವಿಚಾರಿಸಬೇಕು. ಘಟ್ಟದಂಚಿನವರು ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗುವುದೂ ಉಂಟು. ಎಲ್ಲಿಗೇ ಹೋದರೂ ಹಳೇ ರಿಪೋರ್ಟ್‌ಗಳೆಲ್ಲ ಒಂದೇ ಫೈಲಿನಲ್ಲಿರಲಿ. ರೇಷನ್ ಕಾರ್ಡ್, ಆಧಾರ್ ಇರಲಿ. ಚಿಕಿತ್ಸೆಯ ಹಂತಕ್ಕೆ ಹೋದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಬೇಕಾಗುತ್ತದೆ.

ಬಯಾಪ್ಸಿ ಬಂದ ಮೇಲೆ

ಇಲ್ಲಿ ಸಿಐಎನ್ ಅಂತ ಬರುತ್ತದೆ, 1, 2, 3. ಕೋಶಗಳ ಬದಲಾವಣೆ ಎಷ್ಟು ಗಂಭೀರ ಅನ್ನುವುದರ ಹಂತಗಳು ಅವು. ಸಿಐಎನ್ 1 ಅಂದರೆ ಹೆಚ್ಚಾಗಿ ತಾನೇ ಹೋಗುವಂಥದ್ದು, ಸುಮ್ನೆ ಗಮನದಲ್ಲಿಟ್ಟು ವರ್ಷಕ್ಕೆ ಮತ್ತೆ ನೋಡುತ್ತಾರೆ. ನನ್ನದು ಅದೇ. 2 ಮತ್ತು 3ಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕು. ಕ್ಯಾನ್ಸರ್ ಆಗಿದೆ ಅಂತಲ್ಲ, ಆಗದಿರಲಿ ಅಂತ. ಆ ಜಾಗವನ್ನು ಕ್ರಯೋದಲ್ಲಿ ತಣ್ಣಗೆ ಹೆಪ್ಪುಗಟ್ಟಿಸುತ್ತಾರೆ, ಬಿಸಿಯಿಂದ ಸುಡುತ್ತಾರೆ, ಇಲ್ಲವೇ ಲೀಪ್ ಅಂತ ಕರೆಂಟ್ ಹಾಯಿಸಿದ ಸಣ್ಣ ತಂತಿಯಿಂದ ತೆಳುವಾಗಿ ತೆಗೆಯುತ್ತಾರೆ. ಲೀಪ್ ಆದ ಮೇಲೆ ಸುಮಾರು 4 ವಾರ ಭಾರ ಎತ್ತುವಂತಿಲ್ಲ, ಸೇರುವಂತಿಲ್ಲ. ಅಡಿಕೆ ಬುಟ್ಟಿ ಹೊರುವವರು ಇದನ್ನು ಮನೆಯವರಿಗೆ ಮೊದಲೇ ಹೇಳಿ. ಮುಂದೆ ಮಗು ಬೇಕು ಅನ್ನುವವರು ಡಾಕ್ಟರಿಗೆ ಹೇಳಿಯೇ ಮುಂದುವರಿಯಿರಿ, ಲೀಪ್ ಆದವರಿಗೆ ಅವಧಿಗೆ ಮೊದಲೇ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚು.

ಈಗ ನನಗೆ ಸಿಟ್ಟು ಬರುವ ವಿಷಯ. “ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ, ತಲೆನೋವೇ ಇರಲ್ಲ” ಅನ್ನುವ ಸಲಹೆ. ನೆಂಟರು ಹೇಳುತ್ತಾರೆ, ಕೆಲವು ಕಡೆ ಆಸ್ಪತ್ರೆಯಲ್ಲೂ ಹೇಳುತ್ತಾರೆ. ಆಸ್ಕಸ್‌ಗೋ, ಎಲ್‌ಎಸ್‌ಐಎಲ್‌ಗೋ, ಸಿಐಎನ್ 1ಕ್ಕೋ ಗರ್ಭಕೋಶ ತೆಗೆಯುವ ಆಪರೇಷನ್ ಚಿಕಿತ್ಸೆಯೇ ಅಲ್ಲ. ಬಯಾಪ್ಸಿ ಮಾಡದೆ ಯಾರಾದರೂ ಈ ಮಾತು ತೆಗೆದರೆ ಫೈಲು ಎತ್ತಿಕೊಂಡು ಇನ್ನೊಬ್ಬ ಡಾಕ್ಟರ್ ಹತ್ತಿರ ಹೋಗಿ. ತೆಗೆಸಿದರೂ ತಲೆನೋವು ಮುಗಿಯುವುದಿಲ್ಲ: ಸಿಐಎನ್ 2, 3 ಇದ್ದವರಿಗೆ ಗರ್ಭಕೋಶ ಹೋದ ಮೇಲೂ ತಪಾಸಣೆ ಬೇಕು.

ಚಿಕಿತ್ಸೆ ಆದವರಿಗೆ 6 ತಿಂಗಳಿಗೆ ಎಚ್‌ಪಿವಿ ಟೆಸ್ಟ್, ಆಮೇಲೆ ಮೊದಲ ಮೂರು ವರ್ಷ ವರ್ಷಕ್ಕೊಂದು, ನಂತರ 3 ವರ್ಷಕ್ಕೊಂದರಂತೆ ಕಡಿಮೆ ಅಂದರೂ 25 ವರ್ಷ. ಹೌದು, 25.

ಬೀಡಿ, ಸಿಗರೇಟಿನ ಹೊಗೆ ವೈರಸ್ಸನ್ನು ಒಳಗೇ ಉಳಿಸುತ್ತದೆ, ಸೇದುವವರು ಬಿಡಿ. ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವ ಅಭ್ಯಾಸ ಬಾಯಿಯ ಕ್ಯಾನ್ಸರಿಗೆ ದಾರಿ, ಅದನ್ನೂ ಬಿಟ್ಟರೆ ಒಳ್ಳೆಯದೇ. ಎಚ್‌ಪಿವಿ ಲಸಿಕೆ ಈಗಾಗಲೇ ಬಂದ ಬದಲಾವಣೆಯನ್ನು ವಾಸಿ ಮಾಡುವುದಿಲ್ಲ. ಅದು ಮಗಳಿಗೆ: 9ರಿಂದ 14 ವಯಸ್ಸಿನೊಳಗೆ. ಎಷ್ಟು ಡೋಸ್ ಅಂತ ಡಾಕ್ಟರನ್ನು ಕೇಳಿ. ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಅಂತ ನಮ್ಮ ದೇಶದ್ದೇ ಲಸಿಕೆ ಇದೆ.

ನನ್ನ ಮುಂದಿನ ತಾರೀಖು ಈ ಸಲ ಮೇ ಮೊದಲ ವಾರಕ್ಕೆ ಹಾಕಿಸಿಕೊಂಡಿದ್ದೇನೆ. ಅಡಿಕೆ ಮಾರಿ ಆಗಿರುತ್ತದೆ, ಮಳೆ ಹಿಡಿದಿರುವುದಿಲ್ಲ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನ ಗೋಲ ಇದೆ, ಪಕ್ಕದಲ್ಲಿ ಅತ್ತಿಗೆಯದೂ ಒಂದು.